ಬಟ್ಟಲನ್ನ

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಮೊದಲು ಎದುರಾಗುವ ತೊಡಕು ಭಾಷೆಯದೆಂದು ಎಲ್ಲರೂ ತಿಳಿಯುವರು. ನಮ್ಮ ಅನುಭವದಲ್ಲಿ ಅದು ಅಷ್ಟು ನಿಜವಲ್ಲ. ಭಾಷೆ ಬಾರದಿದ್ದರೆ ಕೈಸನ್ನೆಯಿಂದ ಕೆಲಸ ಸಾಗುತ್ತದೆ. ಆದರೆ ಹೊಟ್ಟೆಗೆ ಸನ್ನೆ ತಿಳಿಯದು. ಉದ್ಯೋಗನಿಮಿತ್ತವಾಗಿ ನಾವು ದಂಪತಿಗಳು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಸಪ್ಪೊರೊ ನಗರದಲ್ಲಿ ನೆಲಸಿದ್ದಾಗ, ಈ ಮಾತಿನ ಅರ್ಥವು ನಮಗೆ ಚೆನ್ನಾಗಿ ಮನದಟ್ಟಾಯಿತು. ಆ ಸಂಗತಿಯನ್ನೂ, ಅದರ ನಡುವೆ ನಾವು ಕಲಿತ ಒಂದು ಅಡಿಗೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

2017ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ತೀರ್ಥರೂಪರು ಕಾಲವಾದರು. ನಮ್ಮ ಊರು ಕುಂದಾಪುರದ ಕಡೆಯದು. ತೀರ್ಥರೂಪರು ಬದುಕಿರುವವರೆಗೂ ಬೆಳಗ್ಗೆ ಗಂಗೊಳ್ಳಿಯ ಬಂದರಿಗೆ ಹೋಗಿ, ಬಂಗಡೆಯೋ ಕಾಣೆಯೋ ಅಂಜಲೋ, ಆ ದಿನ ಸಿಕ್ಕಿದ ಮೀನನ್ನು ತಾವೇ ಆರಿಸಿ ತರುತ್ತಿದ್ದರು. ಅವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ಮೀನನ್ನು ಮುಟ್ಟಲಿಲ್ಲ. ಯಾವ ವ್ರತವೂ ಅಲ್ಲ, ಯಾರ ಬಲವಂತವೂ ಅಲ್ಲ. ಕೇಳಿದರೆ, "ತರುವವರಿಲ್ಲದ ಮೇಲೆ ತಿನ್ನುವುದೇಕೆ?" ಎನ್ನುವರು. ಬರಬರುತ್ತ ಅನ್ನವೂ ಕಡಿಮೆಯಾಗಿ, ಎರಡು ತುತ್ತು ಗಂಜಿಗೆ ಇಳಿಯಿತು. ಮೈ ಕರಗಿತು. ಒಬ್ಬರನ್ನೇ ಬಿಡಬಾರದೆಂದು ಆ ವರ್ಷದ ಅಕ್ಟೋಬರಿನಲ್ಲಿ ಅವರನ್ನು ನಮ್ಮಲ್ಲಿಗೆ ಕರೆತಂದೆವು.

ತಾಯಿಯವರು ಊರಿನಿಂದ ಐದು ಸೇರು ಕುಚ್ಚಲಕ್ಕಿಯನ್ನು ತರಲು ಹೊರಟಿದ್ದರು. ತಪಾಸಣೆಯ ಕಟ್ಟಳೆಗಳನ್ನು ವಿವರಿಸಿ ಅದನ್ನು ಬಿಡಿಸಬೇಕಾಯಿತು. ಇಲ್ಲಿಯ ಅನ್ನವನ್ನು ಕಂಡು ಅವರು ಮುಖ ಸಿಂಡರಿಸಿದರು. ಜಪಾನಿನ ಅಕ್ಕಿಯು ಗಿಡ್ಡ. ಬೆಂದರೆ ಅಗುಳಿಗೆ ಅಗುಳು ಅಂಟಿಕೊಳ್ಳುವುದು. ಅದನ್ನು ಬಸಿಯುವ ಪದ್ಧತಿಯೂ ಇಲ್ಲ. ಹಾಕಿದ ನೀರನ್ನೆಲ್ಲ ಅನ್ನವೇ ಕುಡಿಯಬೇಕು. "ಮುದ್ದೆಯೂ ಅಲ್ಲ, ಅನ್ನವೂ ಅಲ್ಲ. ಗಂಜಿತಿಳಿಯನ್ನು ಎಲ್ಲಿ ಚೆಲ್ಲಿದಿರಿ?" ಎಂದು ಕೇಳಿದರು. ಚೆಲ್ಲಲಿಲ್ಲವೆಂದರೆ ನಂಬಲಿಲ್ಲ.

ಅದು ಶರತ್ಕಾಲ. ಹೊಕ್ಕೈಡೊವಿನಲ್ಲಿ ಆ ಕಾಲಕ್ಕೆ ಸಾಲ್ಮನ್ ಮೀನುಗಳು ಸಮುದ್ರವನ್ನು ಬಿಟ್ಟು, ತಾವು ಹುಟ್ಟಿದ ಹೊಳೆಗಳನ್ನೇ ಹುಡುಕಿಕೊಂಡು ಹತ್ತಿಬರುವುವು. ಅಲ್ಲಿ ಮೊಟ್ಟೆಯಿಟ್ಟು ಪ್ರಾಣಬಿಡುವುವು. ಆ ದ್ವೀಪದ ಮೂಲನಿವಾಸಿಗಳಾದ ಐನು ಜನರು ಇದನ್ನು ಕಮುಯ್ ಚೆಪ್, ಎಂದರೆ ದೇವಮೀನು, ಎಂದು ಕರೆಯುವರು. ಸಪ್ಪೊರೊ ನಗರದೊಳಗೆ ಹರಿಯುವ ತೊಯೊಹಿರಾ ನದಿಯ ನೀರು ಒಂದು ಕಾಲಕ್ಕೆ ಕೆಟ್ಟು, ಮೀನು ಬರುವುದು ನಿಂತುಹೋಗಿದ್ದಿತು. 1970ರ ದಶಕದ ಕೊನೆಯಲ್ಲಿ ನಾಗರಿಕರು ಮರಿಗಳನ್ನು ತಂದು ಬಿಟ್ಟ ಮೇಲೆ ಅವು ಪುನಃ ಬರತೊಡಗಿದುವು. ಒಂದು ದಿನ ತಾಯಿಯವರನ್ನು ಆ ನದಿಯ ದಂಡೆಗೆ ಕರೆದುಕೊಂಡು ಹೋದೆವು. ಅವರು ಬಹಳ ಹೊತ್ತು ನೀರನ್ನು ನೋಡುತ್ತ ನಿಂತು, "ಇದಕ್ಕೂ ಊರಿನದೇ ಹುಚ್ಚು" ಎಂದರು. ಅಲ್ಲಿಯವರೆಗೆ ಅವರು ಆಡಿದ ಮಾತುಗಳಲ್ಲಿ ಅದೇ ದೀರ್ಘವಾದುದು.

ಆ ಮಾತು ನಮಗೆ ಧೈರ್ಯ ತಂದಿತು. ಜಪಾನಿಯರಲ್ಲಿ ದೊಂಬುರಿ ಎಂಬ ಅಡಿಗೆಯುಂಟು. ಆ ಶಬ್ದಕ್ಕೆ ಆಳವಾದ ಬಟ್ಟಲೆಂದೇ ಅರ್ಥ. ಬಟ್ಟಲಿನಲ್ಲಿ ಬಿಸಿ ಅನ್ನವನ್ನು ಹಾಕಿ, ಅದರ ಮೇಲೆ ಮೀನು, ಮಾಂಸ, ಮೊಟ್ಟೆ, ತರಕಾರಿ ಇವುಗಳಲ್ಲಿ ಬೇಕಾದುದನ್ನು ಹರಡಿ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲನ್ನು ಕೊಡುವರು. ಬಡಿಸುವ ಗೊಡವೆಯಿಲ್ಲ, ಪಾತ್ರೆಯೂ ಕಡಿಮೆ. ಕೋಳಿಯನ್ನೂ ಮೊಟ್ಟೆಯನ್ನೂ ಹಾಕಿದ ದೊಂಬುರಿಗೆ ತಾಯಿ-ಮಗು ಎಂಬರ್ಥದ ಹೆಸರಿದೆ. ಸಾಲ್ಮನ್ ಮೀನನ್ನು ಅದರ ಮೊಟ್ಟೆಯೊಡನೆ ಬಡಿಸಿದರೂ ಹಾಗೆಯೇ ಹೇಳುವುದುಂಟು. ಇದನ್ನು ಕೇಳಿ ತಾಯಿಯವರು, "ತಾಯಿಯನ್ನೂ ಮಗುವನ್ನೂ ಒಂದೇ ಬಟ್ಟಲಲ್ಲಿ ತಿನ್ನುವುದೇ? ಬೇಡ ಮಕ್ಕಳೇ" ಎಂದುದರಿಂದ, ಮೀನಿನ ಮೊಟ್ಟೆಯನ್ನು ಕೈಬಿಟ್ಟೆವು.

ಮೊದಲನೆಯ ಪ್ರಯತ್ನವು ಸಂಪೂರ್ಣ ಕೆಟ್ಟಿತು. ಇಲ್ಲಿಯ ಅಂಗಡಿಗಳಲ್ಲಿ ಸಾಲ್ಮನ್ ತುಂಡುಗಳನ್ನು ಎರಡು ಬಗೆಯಾಗಿ ಮಾರುವರು. ಒಂದು ಹಸಿಯದು, ಇನ್ನೊಂದು ಮೊದಲೇ ಉಪ್ಪು ಹಾಕಿ ಇಟ್ಟುದು. ನೋಡುವುದಕ್ಕೆ ಎರಡೂ ಒಂದೇ. ಚೀಟಿಯನ್ನು ಸರಿಯಾಗಿ ಓದದೆ ನಾವು ಉಪ್ಪಿನ ಮೀನನ್ನು ತಂದು, ಅದಕ್ಕೆ ಮತ್ತೆ ಉಪ್ಪು ಸವರಿ, ಸಾಲದೆಂಬಂತೆ ಸೋಯಾ ರಸವನ್ನೂ ಸುರಿದೆವು. ರಸವನ್ನು ಮೊದಲೇ ಬಾಣಲೆಗೆ ಹಾಕಿದುದರಿಂದ ಅದರೊಳಗಿನ ಸಕ್ಕರೆ ಸೀದು ಕರಿದಾಯಿತು. ಮೀನು ಒಳಗೆ ಬೇಯಲಿಲ್ಲ. ತಾಯಿಯವರು ಒಂದು ಚೂರನ್ನು ಬೆರಳಿನಿಂದ ಮುಟ್ಟಿ, ಉಗುರಿನಿಂದ ಗೀಚಿ, "ಇದಕ್ಕೆ ಬಣ್ಣ ಹಾಕಿದ್ದಾರೆ" ಎಂದು ತಟ್ಟೆಯನ್ನು ಸರಿಸಿದರು. ಆ ಕೆಂಪು ಬಣ್ಣವು ಮೀನು ಸಮುದ್ರದಲ್ಲಿ ತಿನ್ನುವ ಸೀಗಡಿಯಂಥ ಸಣ್ಣ ಜೀವಿಗಳಿಂದ ಬರುವುದೆಂದೂ, ಸಾಕಿದ ಮೀನಿಗೆ ಮಾತ್ರ ಆಹಾರದಲ್ಲಿ ಅದನ್ನು ಬೆರಸುವರೆಂದೂ ತಿಳಿಸಿದೆವು. ತಿಳಿಸಿದುದರಿಂದ ಹಸಿವು ಹುಟ್ಟಲಿಲ್ಲ. ಆ ರಾತ್ರಿಯೂ ಅವರದು ಗಂಜಿಯೇ.

ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆಯಿದ್ದರು. ಅವರೂ ಗಂಡನನ್ನು ಕಳೆದುಕೊಂಡವರು. ನಮ್ಮ ಪೇಚಾಟವನ್ನು ಕೇಳಿ, ಒಂದು ಭಾನುವಾರ ತಾವೇ ಬಂದು ನಮ್ಮ ಅಡಿಗೆಮನೆಯಲ್ಲಿ ನಿಂತರು. ಅವರು ತೋರಿಸಿಕೊಟ್ಟ ಕ್ರಮವು ಇಂತಿದೆ. ಇದು ನಾಲ್ವರಿಗೆ ಸಾಕಾಗುವುದು.

ಜಪಾನಿನ ಅಕ್ಕಿಯನ್ನು 540 ಮಿಲಿಲೀಟರ್ ಅಳೆದುಕೊಂಡು, ನೀರು ತಿಳಿಯಾಗುವ ತನಕ ಮೂರು ನಾಲ್ಕು ಸಲ ತೊಳೆಯತಕ್ಕದ್ದು. ಅನಂತರ ಸುಮಾರು 650 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಆ ನೀರಿನಲ್ಲಿಯೇ ಮುಚ್ಚಿ ಬೇಯಿಸಬೇಕು. ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳವನ್ನು ತೆಗೆಯಕೂಡದು. ಅಷ್ಟರೊಳಗೆ ಉಪ್ಪು ಹಾಕದ ಹಸಿ ಸಾಲ್ಮನ್ ತುಂಡುಗಳನ್ನು, ಒಂದೊಂದು 100 ಗ್ರಾಮಿನಷ್ಟಿರುವಂಥವನ್ನು, ನಾಲ್ಕು ತೆಗೆದುಕೊಂಡು, ಬೆರಳಾಡಿಸಿ ಸಣ್ಣ ಮುಳ್ಳುಗಳನ್ನು ಕಿತ್ತು, ತುಸು ಉಪ್ಪು ಉದುರಿಸಿ ಕಾಲು ಗಂಟೆ ಇಡಬೇಕು. ನೀರು ಒಸರುವುದು, ಅದನ್ನು ಒರಸಿದರೆ ಮೀನಿನ ಹಸಿನಾತ ಹೋಗುವುದು. ಬಾಣಲೆಗೆ ಸ್ವಲ್ಪ ಎಣ್ಣೆ ಹಾಕಿ, ಚರ್ಮದ ಪಕ್ಕವನ್ನು ಕೆಳಗಾಗಿಸಿ ಹದವಾದ ಉರಿಯಲ್ಲಿ ಕಾಯಿಸಿ, ಅನಂತರ ಮಗುಚಬೇಕು. ಮೀನು ಬಹುಮಟ್ಟಿಗೆ ಬೆಂದ ಮೇಲೆ ಮಾತ್ರ ರಸವನ್ನು ಹಾಕತಕ್ಕದ್ದು: ಸೋಯಾ ರಸ ಮೂರು ದೊಡ್ಡ ಚಮಚ, ಮಿರಿನ್ ಎಂಬ ಅಕ್ಕಿಯ ಸಿಹಿಮದ್ಯ ಮೂರು ಚಮಚ, ಸಕ್ಕರೆ ಒಂದು ಚಮಚ, ತುರಿದ ಶುಂಠಿ ಸ್ವಲ್ಪ. ರಸವು ಕುದಿದು ಮಂದವಾಗಿ ಮೀನಿನ ಮೇಲೆ ಮಿರುಗುವುದು. ಈ ವಿಧಾನಕ್ಕೆ ತೆರಿಯಾಕಿ ಎಂದು ಹೆಸರು. ತೆರಿ ಎಂದರೆ ಹೊಳಪು, ಯಾಕಿ ಎಂದರೆ ಸುಟ್ಟುದು. ಮದ್ಯವನ್ನು ಒಲ್ಲದವರು ಮಿರಿನ್ ಬಿಟ್ಟು ಸಕ್ಕರೆಯನ್ನು ಕೊಂಚ ಹೆಚ್ಚಿಸಿ, ನೀರು ಬೆರಸಿಕೊಳ್ಳಬಹುದು. ಗೋಧಿ ಒಗ್ಗದವರು ಸೋಯಾ ರಸದ ವಿಷಯದಲ್ಲಿ ಎಚ್ಚರವಾಗಿರಬೇಕು. ಸಾಮಾನ್ಯವಾಗಿ ಅದನ್ನು ಸೋಯಾ ಅವರೆಯೊಡನೆ ಗೋಧಿಯನ್ನೂ ಸೇರಿಸಿ ಹುದುಗು ಬರಿಸಿ ಮಾಡುವರು.

ತರಕಾರಿಗಳಲ್ಲಿ ಪಾಲಕ್ ಸೊಪ್ಪನ್ನು ಕುದಿನೀರಿನಲ್ಲಿ ಒಂದು ನಿಮಿಷವಿಟ್ಟು, ತಣ್ಣೀರಿಗೆ ಹಾಕಿ, ಹಿಂಡಿ, ಹುರಿದು ಪುಡಿಮಾಡಿದ ಎಳ್ಳನ್ನು ಬೆರಸಿದೆವು. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪಿನಲ್ಲಿ ಹಿಂಡಿ, ಅಕ್ಕಿಯ ಹುಳಿನೀರಿನಲ್ಲಿ ಅದ್ದಿದೆವು. ಗಜ್ಜರಿಯನ್ನು ಸಣ್ಣಗೆ ಸೀಳಿ ಬಾಡಿಸಿದೆವು. ಬಿಸಿ ಅನ್ನದ ಮೇಲೆ ಇವೆಲ್ಲವನ್ನೂ ಒಂದೊಂದು ಪಾಲಾಗಿ ಇಟ್ಟು, ನಡುವೆ ಮೀನನ್ನು ಮಲಗಿಸಿ, ಬಾಣಲೆಯಲ್ಲುಳಿದ ರಸವನ್ನು ಮೇಲೆ ಸುರಿದರೆ ಬಟ್ಟಲು ಸಿದ್ಧ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈಗ ಎಲ್ಲೆಲ್ಲಿಯೂ ಸಾಲ್ಮನ್ ಮೀನನ್ನು ಹಸಿಯಾಗಿ ತಿನ್ನುವ ರೂಢಿಯನ್ನು ಕಾಣುತ್ತೇವೆ. ಜಪಾನಿನಲ್ಲಿ ಅದು ಹಳೆಯ ಪದ್ಧತಿಯಲ್ಲ. 1980ರ ದಶಕದಿಂದೀಚೆಗೆ ನಾರ್ವೆ ದೇಶದವರು ತಮ್ಮ ಸಾಕಿದ ಮೀನನ್ನು ಅಲ್ಲಿಗೆ ತಂದು ಪ್ರಚಾರಮಾಡಿದ ಮೇಲೆ ಹರಡಿದುದು. ಹೊಳೆಗೆ ಬರುವ ಕಾಡುಮೀನಿನಲ್ಲಿ ಹುಳುಗಳಿರುವ ಸಂಭವವುಂಟು. ಆದಕಾರಣ ಮನೆಯಲ್ಲಿ ಚೆನ್ನಾಗಿ ಬೇಯಿಸಿಯೇ ತಿನ್ನುವುದು ಕ್ಷೇಮ.

ನಾಲ್ವರೂ ಊಟಕ್ಕೆ ಕುಳಿತೆವು. ತಾಯಿಯವರು ಸೊಪ್ಪಿನಲ್ಲಿ ಸ್ವಲ್ಪ ತಿಂದರು, ಮೀನನ್ನು ಮುಟ್ಟಲಿಲ್ಲ. ಕಡ್ಡಿಗಳನ್ನು ಹಿಡಿಯಲಾರದೆ ಬೇಸತ್ತು, ಅವೆರಡನ್ನೂ ಅನ್ನದ ನಡುವೆ ನೆಟ್ಟಗೆ ಚುಚ್ಚಿಟ್ಟು ಕೈಯನ್ನು ಮಡಿಲಲ್ಲಿಟ್ಟುಕೊಂಡರು. ವೃದ್ಧೆಯ ಮುಖ ಬದಲಾಯಿತು. ಅವರು ಏನೂ ಆಡದೆ, ಮೆಲ್ಲನೆ ಕೈಚಾಚಿ, ಆ ಕಡ್ಡಿಗಳನ್ನು ತೆಗೆದು ಬಟ್ಟಲಿನ ಪಕ್ಕದಲ್ಲಿ ಅಡ್ಡಲಾಗಿ ಮಲಗಿಸಿದರು. ತಾಯಿಯವರು ಕಾರಣ ಕೇಳಿದರು. ನಾವು ನಡುವೆ ನಿಂತು ಮಾತನ್ನು ತಿರುಗಿಸಿ ಹೇಳಬೇಕಾಯಿತು. ಜಪಾನಿನಲ್ಲಿ ಮೃತರ ತಲೆದಿಂಬಿನ ಬಳಿ ಒಂದು ಬಟ್ಟಲು ಅನ್ನವನ್ನಿಟ್ಟು, ಅದರಲ್ಲಿ ಕಡ್ಡಿಗಳನ್ನು ಹೀಗೆ ನಿಲ್ಲಿಸುವರು; ಆದುದರಿಂದ ಬದುಕಿರುವವರ ಊಟದಲ್ಲಿ ಹಾಗೆ ಮಾಡಬಾರದು.

ನಮಗೆ ಭೂಮಿಯೊಳಗೆ ಇಳಿದುಹೋದರೆ ಸಾಕೆನಿಸಿತು. ಯಾವ ಮಾತನ್ನು ಅವರ ಎದುರಿನಲ್ಲಿ ತೆಗೆಯಬಾರದೆಂದು ಎರಡು ತಿಂಗಳಿಂದ ಕಾದುಕೊಂಡಿದ್ದೆವೋ ಅದೇ ಊಟದ ಮೇಜಿನ ಮೇಲೆ ಬಂದು ಕುಳಿತಿದ್ದಿತು. ತಾಯಿಯವರು ಮಾತ್ರ ಕದಲದೆ, "ಇವರ ಯಜಮಾನರಿಗೂ ಇಟ್ಟರಂತೆಯೇ? ಕೇಳಿ" ಎಂದರು. ಕೇಳಿದೆವು. ವೃದ್ಧೆ ಎದ್ದು, ಅವರ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದರು. ಅಲ್ಲಿ ಕೋಣೆಯ ಮೂಲೆಯಲ್ಲಿ ಬುತ್ಸುದಾನ್ ಎಂಬ ಮರದ ಪೂಜಾಗೂಡು. ಒಳಗೆ ಯಜಮಾನರ ಹೆಸರಿನ ಫಲಕ, ಅದರ ಮುಂದೆ ಬೊಗಸೆಯಲ್ಲಿ ಅಡಗುವಷ್ಟು ಚಿಕ್ಕ ಬಟ್ಟಲಿನಲ್ಲಿ ಅನ್ನ. ದಿನವೂ ಮೊದಲು ಬೆಂದ ಅನ್ನದಲ್ಲಿ ಅವರಿಗೆ ಇಟ್ಟು ಆಮೇಲೆ ತಾವು ಉಣ್ಣುವುದಾಗಿ ವೃದ್ಧೆ ಹೇಳಿದರು. ತಾಯಿಯವರು ಅದರ ಮುಂದೆ ಕೈಮುಗಿದು, "ನಮ್ಮಲ್ಲಿಯೂ ಎಡೆ ಇಡುವುದುಂಟು. ನಾನು ತಿಥಿಯ ದಿನಕ್ಕೆಂದು ಕಾದಿದ್ದೆ, ಇವರು ದಿನವೂ ಇಡುತ್ತಾರೆ" ಎಂದರು. ಇಬ್ಬರೂ ಅಲ್ಲಿಯೇ ಚಾಪೆಯ ಮೇಲೆ ಕುಳಿತು ಅತ್ತರು. ಆ ಅಳುವಿಗೆ ನಮ್ಮ ಭಾಷಾಂತರ ಬೇಕಾಗಲಿಲ್ಲ.

ಮಾರನೆಯ ದಿನ ನಾವು ಕೆಲಸದಿಂದ ಬರುವಷ್ಟರಲ್ಲಿ ಅಡಿಗೆಮನೆಯು ತಾಯಿಯವರ ವಶವಾಗಿದ್ದಿತು. ಹಿಂದಿನ ದಿನ ಮಿಕ್ಕಿದ್ದ ಮೀನಿಗೆ ಅರಸಿನ, ಮೆಣಸಿನಪುಡಿ, ಹುಳಿ ಸವರಿ, ಊರಿನಿಂದ ತಂದ ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದರು. ಸೊಪ್ಪು, ಸೌತೆಕಾಯಿಗಳು ಮಾತ್ರ ವೃದ್ಧೆ ಕಲಿಸಿದ ಹಾಗೆಯೇ ಇದ್ದುವು. ನಾಲ್ಕು ಬಟ್ಟಲುಗಳು ಸಿದ್ಧವಾಗಿದ್ದುವು. ಮನೆಯಲ್ಲಿದ್ದವರು ಮೂವರೇ. ನಾಲ್ಕನೆಯದನ್ನು ಅವರು ತೀರ್ಥರೂಪರ ಚಿತ್ರದ ಮುಂದಿಟ್ಟು, ಒಂದು ಲೋಟ ನೀರನ್ನೂ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಬಂದು ಕುಳಿತು ಮೀನನ್ನು ಮುರಿದು ಬಾಯಿಗಿಟ್ಟರು. "ಬಂಗಡೆಯ ರುಚಿ ಇದಕ್ಕಿಲ್ಲ" ಎಂದರು. ಎಂದರೂ ಬಟ್ಟಲನ್ನು ಬರಿದುಮಾಡಿದರು.

ತಾಯಿಯವರು ಮುಂದಿನ ಚೈತ್ರದಲ್ಲಿ ಊರಿಗೆ ಹಿಂದಿರುಗಿದರು. ಈಗ ಬೆಳಗ್ಗೆ ತಾವೇ ಬಂದರಿಗೆ ಹೋಗಿ ಮೀನು ತರುವರು. ಬಟ್ಟಲನ್ನವನ್ನು ಅಲ್ಲಿಯೂ ಬಂಗಡೆಯಿಂದ ಮಾಡುವರೆಂದು ನೆರೆಯವರು ನಗುತ್ತ ತಿಳಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಬಂಗಡೆಯ ಜಾತಿಯ ಮೀನನ್ನು ಜಪಾನಿಯರೂ ಪ್ರೀತಿಯಿಂದ ಸುಟ್ಟು ತಿನ್ನುವರು. ನಮ್ಮ ಪೇಟೆಗಳಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವುದು ರಾವಸ್ ಎಂಬ ಬೇರೆಯ ಮೀನು. ರುಚಿಯಾದುದೇ ಆದರೂ ಸಾಲ್ಮನ್ ಅಲ್ಲವೆಂಬುದನ್ನು ಕೊಳ್ಳುವವರು ತಿಳಿದಿರಬೇಕು. ಶಾಕಾಹಾರಿಗಳು ಮೀನಿನ ಬದಲು ಸೋಯಾ ಹಾಲಿನ ಗಿಣ್ಣಾದ ತೋಫುವನ್ನು ಇದೇ ರಸದಲ್ಲಿ ಕಾಯಿಸಿಕೊಳ್ಳಬಹುದು. ಸೋನಾ ಮಸೂರಿ ಅನ್ನವು ಅಂಟುವುದಿಲ್ಲವಾದುದರಿಂದ ಕಡ್ಡಿಗಳ ತಂಟೆಗೆ ಹೋಗದೆ ಕೈಯಿಂದಲೇ ಉಣ್ಣುವುದು ಲೇಸು.

ಮನೆಯಲ್ಲಿ ಯಾರಾದರೂ ದುಃಖದಿಂದ ಊಟ ಬಿಟ್ಟಿದ್ದರೆ, ಊಟಮಾಡಿರೆಂದು ಬಲವಂತಪಡಿಸುವುದರಲ್ಲಿ ನಾವು ಎರಡು ತಿಂಗಳು ಕಳೆದೆವು. ಅವರು ಯಾರಿಗೆ ಮೊದಲು ಬಡಿಸಬೇಕೆಂದಿದ್ದಾರೆಂದು ಒಂದು ದಿನವಾದರೂ ಕೇಳಲಿಲ್ಲ. ವಾಚಕರು ನಮ್ಮಷ್ಟು ತಡಮಾಡದಿರಲಿ.