ಕ್ಯಾನ್‌ನ ಉಂಗುರ ಎಳೆಯುವ ಮುನ್ನ

ಸೋದರಿಯರೇ, ಈದ್ ದಿನ ನೆಂಟರು ಬಂದರೆ, ಇಫ್ತಾರ್ ಕೂಟವಿದ್ದರೆ ತಂಪು ಪಾನೀಯದ ಕ್ಯಾನ್ ಹಂಚುವುದು ಈಗ ನಮ್ಮ ಎಷ್ಟೋ ಮನೆಗಳಲ್ಲಿ ರೂಢಿಯಾಗಿದೆ. ಒಳಗಿರುವ ಸಕ್ಕರೆಯ ಬಗ್ಗೆ ನೀವು ಬೇಕಾದಷ್ಟು ಓದಿದ್ದೀರಿ. ನಾನು ಹೇಳಹೊರಟಿರುವುದು ಮುಚ್ಚಳದ ಮೇಲಿನ ಪುಟ್ಟ ಉಂಗುರದ ಬಗ್ಗೆ.

ಮೊದಲೆಲ್ಲ ಕ್ಯಾನ್ ತೆರೆಯಲು ಬೇರೆ ಸಲಕರಣೆಯೇ ಬೇಕಿತ್ತು. 1959ರಲ್ಲಿ ಅಮೆರಿಕದ ಒಹಾಯೊದ ಎರ್ಮಲ್ ಫ್ರೇಜ್ ಎಂಬವರು ಪಿಕ್‌ನಿಕ್‌ಗೆ ಹೋದಾಗ ಅದನ್ನು ಮರೆತು, ಕಾರಿನ ಬಂಪರಿಗೆ ಕ್ಯಾನ್ ಒತ್ತಿ ತೂತು ಮಾಡಿದರಂತೆ. ಆಮೇಲೆ ಅವರೇ ಮುಚ್ಚಳಕ್ಕೆ ಎಳೆಯುವ ತುಂಡನ್ನು ಜೋಡಿಸಿದರು. ಆದರೆ ಎಳೆದಾಗ ಅದು ಪೂರ್ತಿ ಕಳಚಿ ಕೈಗೆ ಬರುತ್ತಿತ್ತು. ಜನ ಎಸೆದ ತುಂಡುಗಳು ಕಡಲ ತೀರದಲ್ಲಿ ಬರಿಗಾಲಲ್ಲಿ ನಡೆದವರ ಕಾಲು ಕೊಯ್ದವು. ಕೆಲವರು ಅದನ್ನು ಕ್ಯಾನಿನೊಳಗೇ ಹಾಕಿ, ಕುಡಿಯುವಾಗ ನುಂಗಿದ್ದೂ ಉಂಟು. 1975ರಲ್ಲಿ ಡ್ಯಾನಿಯಲ್ ಕಡ್ಜಿಕ್ ರೂಪಿಸಿದ, ಕಳಚಿ ಬಾರದ ಉಂಗುರ ಬಂತು. ಇಂದು ನಾವು ಎತ್ತುವುದು ಅದೇ ಬಗೆಯದು.

ಅಲ್ಲಿಗೆ ಅಪಾಯ ಮುಗಿಯಿತೆನ್ನಲು ಮಕ್ಕಳು ಬಿಡಬೇಕಲ್ಲ! ಉಂಗುರವನ್ನು ಹಿಂದೆ ಮುಂದೆ ಬಾಗಿಸಿ ಮುರಿಯುವುದು, ಬೆರಳಿಗೆ ಹಾಕಿಕೊಳ್ಳುವುದು, ಬೇಸರವಾದಾಗ ಕ್ಯಾನಿನೊಳಗೆ ಹಾಕುವುದು ಅವರಿಗೆ ಆಟ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ವೈದ್ಯರು ತಮ್ಮ ಹಳೆಯ ದಾಖಲೆ ತೆಗೆದು ನೋಡಿ, ಇಂತಹ ಉಂಗುರ ನುಂಗಿದ 19 ಮಕ್ಕಳ ಬಗ್ಗೆ 2009ರಲ್ಲಿ ತಿಳಿಸಿದರು. ಎಕ್ಸ್‌ರೇಯಲ್ಲಿ ಉಂಗುರ ಕಂಡದ್ದು ಕೇವಲ 4 ಮಕ್ಕಳಲ್ಲಿ. ನಾಣ್ಯದಂತೆ ಅಲ್ಯೂಮಿನಿಯಂ ಎಕ್ಸ್‌ರೇಯಲ್ಲಿ ಎದ್ದು ಕಾಣುವುದಿಲ್ಲ. ಆದ್ದರಿಂದ ಮಗು ಉಂಗುರ ನುಂಗಿದೆಯೆಂಬ ಸಂಶಯವಿದ್ದರೆ, ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದ ಕೂಡಲೇ ನಿಶ್ಚಿಂತರಾಗಬೇಡಿ. ನುಂಗಿದ್ದು ಏನೆಂದು ವೈದ್ಯರಿಗೆ ಬಿಡಿಸಿ ಹೇಳಿ. ಅಂಥದ್ದೇ ಇನ್ನೊಂದನ್ನು ಕೊಂಡೊಯ್ದು ತೋರಿಸಿ. ಬಾಳೆಹಣ್ಣು ತಿನ್ನಿಸಿ ಇಳಿಸುವ, ಬೆರಳು ಹಾಕಿ ವಾಂತಿ ಮಾಡಿಸುವ ಅಜ್ಜಿಯರ ಉಪಾಯ ಇಲ್ಲಿ ಬೇಡ.

ಇನ್ನು ಶುಚಿತ್ವದ ಮಾತು. ಕ್ಯಾನಿನ ಮೇಲೆ ಇಲಿ ಮೂತ್ರವಿತ್ತು, ಕುಡಿದ ಮಹಿಳೆ ಸತ್ತೇ ಹೋದಳು ಎಂಬ ಕಥೆ ನಿಮಗೂ ಬಂದಿರಬಹುದು. ಊರಿನ ಹೆಸರು ಬದಲಿಸಿಕೊಂಡು, ಇಮೇಲ್ ಕಾಲದಿಂದಲೂ ಸುತ್ತುತ್ತಿರುವ ಕಥೆಯದು. ಇಲಿ ಜ್ವರ ನಮ್ಮ ಕರಾವಳಿಗೆ ಹೊಸತಲ್ಲ, ನಿಜ. ಆದರೆ ಅದು ಹೆಚ್ಚಾಗಿ ತಗಲುವುದು ಮಳೆಗಾಲದ ಕೆಸರು ನೀರಿನಿಂದ. ಒಣಗಿದ ಜಾಗದಲ್ಲಿ ಆ ರೋಗಾಣು ಹೆಚ್ಚು ಹೊತ್ತು ಬದುಕದು. ಆ ಸಂದೇಶವನ್ನು ಮುಂದಕ್ಕೆ ಕಳಿಸುವ ಬದಲು ಮುಚ್ಚಳ ತೊಳೆದರೆ ಸಾಕು. ಗೋದಾಮಿನ ಧೂಳು, ನೊಣ, ಎಲ್ಲಿಯ ನೀರಿನದೋ ತಿಳಿಯದ ಮಂಜುಗಡ್ಡೆ, ಹತ್ತಾರು ಕೈಗಳು, ಇಷ್ಟೇ ಸಾಲದೇ? ಸ್ಟ್ರಾ ಹಾಕಿ ಕುಡಿದರಾಯಿತು ಎನ್ನುವವರಿದ್ದಾರೆ. ಉಂಗುರ ಎತ್ತಿದಾಗ ಮುಚ್ಚಳದ ತುಂಡು ಒಳಕ್ಕೆ ಮಡಚಿಕೊಳ್ಳುವುದನ್ನು ಗಮನಿಸಿ. ಹೊರಗಿದ್ದ ಕೊಳೆ ಅದರ ಜೊತೆಗೇ ಒಳಗೆ ಹೋಗುತ್ತದೆ. ಸ್ಟ್ರಾ ಏನು ಮಾಡೀತು? ತೆರೆಯುವ ಮೊದಲೇ ನಲ್ಲಿಯ ಕೆಳಗೆ ಹಿಡಿದು, ಅಂಚಿನ ಸಂದಿಯನ್ನೂ ಉಜ್ಜಿ ತೊಳೆದು, ಒರೆಸಿಬಿಡಿ.

ತೆರೆದ ಮೇಲೆ ಲೋಟಕ್ಕೆ ಸುರಿದೇ ಕೊಡಿ. ನೀರಿನ ಚರ್ಮದ ಚೀಲಕ್ಕೆ ಬಾಯಿ ಹಚ್ಚಿ ಕುಡಿಯುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಒಳಗೆ ಏನಿದೆಯೆಂದು ಕುಡಿಯುವವನಿಗೆ ಕಾಣುವುದಿಲ್ಲವೆಂಬುದನ್ನು ಅದಕ್ಕೊಂದು ಕಾರಣವಾಗಿ ವಿದ್ವಾಂಸರು ಹೇಳುತ್ತಾರೆ. ಕ್ಯಾನ್ ಕೂಡ ಹಾಗೆಯೇ. ಅಂಗಳದಲ್ಲಿ ಅರ್ಧ ಕುಡಿದು ಇಟ್ಟ ಕ್ಯಾನಿಗೆ ಸಿಹಿಯ ಆಸೆಗೆ ಜೇನುನೊಣ ಇಳಿದಿದ್ದರೆ, ಮತ್ತೆ ಎತ್ತಿ ಬಾಯಿಗಿಡುವ ಮಗುವಿಗೆ ಅದು ತಿಳಿಯುವುದು ಕುಟುಕಿದ ಮೇಲೆಯೇ.