ಓಡುವ ಕೋಳಿಯ ಮುದ್ರೆ

ಹಳೆ ಲಕೋಟೆ ಸಿಕ್ಕರೆ ಸ್ಟಾಂಪ್ ಮಾತ್ರ ಕಿತ್ತಿಟ್ಟುಕೊಳ್ಳುವವರೇ ಹೆಚ್ಚು. ನನಗೆ ಇಡೀ ಲಕೋಟೆಯೇ ಬೇಕು. 19ನೇ ಶತಮಾನದ ಅಮೆರಿಕದ ಲಕೋಟೆ ಕೊಳ್ಳುವ ಶಕ್ತಿ ಇಲ್ಲ; ಫೋಟೊಗಳನ್ನು ಮೊಬೈಲಲ್ಲಿ ಕೂಡಿಡುತ್ತೇನೆ.

1847ರಲ್ಲಿ ಅಲ್ಲಿ ದೇಶಕ್ಕೆಲ್ಲ ಸಲ್ಲುವ ಸ್ಟಾಂಪ್ ಬಂತು: 5 ಸೆಂಟ್‌ಗೆ ಫ್ರಾಂಕ್ಲಿನ್, 10 ಸೆಂಟ್‌ಗೆ ವಾಷಿಂಗ್ಟನ್. ಆದರೆ ಮೇಲೆ ಒತ್ತುವ ಮುದ್ರೆ ಊರಿಗೊಂದು ಥರ. ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿ ಅಂಚೆ ಕಚೇರಿಯಲ್ಲಿ ಜಾನ್ ಹಿಲ್ ಎಂಬುವರು ಕಾರ್ಕ್ ಬಿರಡೆ ಕೆತ್ತಿ ಮುದ್ರೆ ಮಾಡುತ್ತಿದ್ದರು. 1869ರ ಅವರ 'ಓಡುವ ಕೋಳಿ'ಗೆ ಇವತ್ತೂ ಸಂಗ್ರಹಕಾರರು ಮುಗಿಬೀಳುತ್ತಾರೆ.

ಊರು, ತಾರೀಖು ಇರುವ ಗುಂಡು ಮುದ್ರೆ ಎಷ್ಟೋ ಸಲ ಸ್ಟಾಂಪಿನ ಪಕ್ಕದಲ್ಲಿರುತ್ತೆ. ಸ್ಟಾಂಪ್ ಕಿತ್ತರೆ ಅದೂ ಹೋಯಿತು.

ಹೆಸರಿಲ್ಲದೆ ಅಚ್ಚಾಗುವ ನನ್ನ ಸುದ್ದಿಗಳಿಗೂ ಊರು, ತಾರೀಖೇ ಸಾಕ್ಷಿ. ಅಜ್ಜಿಯ ಟ್ರಂಕಿನಲ್ಲಿ ಹಳೆ ಕಾಗದಗಳಿದ್ದರೆ ಕತ್ತರಿ ಹಾಕಬೇಡಿ.