ಬೈಲಕುಪ್ಪೆಯಲ್ಲಿ ಕ ಖ ಗ ಙ

ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿದು, ಕುಶಾಲನಗರದ ಕಾವೇರಿ ಸೇತುವೆಗೆ ಮೊದಲೇ ಕೊಪ್ಪದಲ್ಲಿ ಎಡಕ್ಕೆ ಹೊರಳಿದರೆ, ಮುಸುಕಿನ ಜೋಳದ ಹೊಲಗಳ ನಡುವೆ ಐದು ಬಣ್ಣದ ಬಾವುಟಗಳು ಪಟಪಟಿಸತೊಡಗುತ್ತವೆ. ಬಸ್ಸುಗಟ್ಟಲೆ ಬರುವ ಪ್ರವಾಸಿಗರು ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಒಂದು ಪ್ಲೇಟ್ ಮೊಮೊ ತಿಂದು ವಾಪಸಾಗುತ್ತಾರೆ. ಅದಕ್ಕಿಂತ ದೊಡ್ಡ ಬೆರಗು ಬೈಲಕುಪ್ಪೆಯ ಈ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಶಾಲೆಯೊಂದರಲ್ಲಿದೆ ಅನ್ನುವುದು, ಹಾಸ್ಟೆಲ್ ಮಕ್ಕಳಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡಲು ಹೋದ ಮೇಲೆ ನನಗೆ ಗೊತ್ತಾಯಿತು.

ಬೋರ್ಡಿನ ಮೇಲೆ ಕ, ಖ, ಗ ಬರೆದೆ. ಘ ಬರೆಯುವಷ್ಟರಲ್ಲಿ ಇಡೀ ತರಗತಿ ‘ಙ’ ಎಂದು ಕೂಗಿತು! ನಾನು ತಬ್ಬಿಬ್ಬು. ಹುಡುಗಿಯೊಬ್ಬಳು ಎದ್ದು ಬಂದು, “ಗೆನ್‌ಲಾ, ಇದು ನಮ್ಮಲ್ಲೂ ಇದೆ” ಎಂದು ಸೀಮೆಸುಣ್ಣ ಇಸಕೊಂಡಳು. ಮೇಷ್ಟ್ರಿಗೆ ಅವರು ಗೆನ್‌ಲಾ ಎನ್ನುತ್ತಾರೆ. ಅವಳು ತನ್ನ ಲಿಪಿಯಲ್ಲಿ ಬರೆಯುತ್ತ ಹೋದಳು, ಉಳಿದವರು ರಾಗವಾಗಿ ಹೇಳುತ್ತ ಹೋದರು: ಕ ಖ ಗ ಙ, ಚ ಛ ಜ ಞ, ತ ಥ ದ ನ, ಪ ಫ ಬ ಮ. ಘ, ಝ, ಧ, ಭ ಇಲ್ಲ; ಟ ವರ್ಗ ಪೂರ್ತಿ ಮಾಯ. ಮುಂದೆ ನಮ್ಮಲ್ಲಿಲ್ಲದ ತ್ಸ, ದ್ಜ ಮೊದಲಾದವು ಸೇರಿ ಒಟ್ಟು 30 ಅಕ್ಷರ. ಮೇಲೆ ಕೆಳಗೆ ಹಚ್ಚಲು ಇ, ಉ, ಎ, ಒ ಎಂಬ 4 ಸ್ವರಚಿಹ್ನೆ. ನಾವು ಒಂದನೇ ಕ್ಲಾಸಿನಲ್ಲಿ ಕಲಿತು ಅಲ್ಲೇ ಬಿಟ್ಟುಬರುವ ಙ, ಪಾಪ, ಅವರ ಮಾತಿನಲ್ಲಿ ದಿನವಿಡೀ ದುಡಿಯುತ್ತದೆ.

ಏಳನೇ ಶತಮಾನದಲ್ಲಿ ದೊರೆ ಸೊಂಗ್‌ತ್ಸೆನ್ ಗಾಂಪೊ ತನ್ನ ಮಂತ್ರಿ ಥೊನ್ಮಿ ಸಂಭೋಟನನ್ನು ಭಾರತಕ್ಕೆ ಕಳಿಸಿದ, ಅವನು ಇಲ್ಲಿ ಕಲಿತುಹೋಗಿ ಟಿಬೆಟಿಗೆ ಲಿಪಿ ಕಟ್ಟಿಕೊಟ್ಟ ಎಂದು ಅವರ ಪರಂಪರೆ ಹೇಳುತ್ತದೆ. ಬ್ರಾಹ್ಮಿಯ ಒಂದು ಕವಲು ದಕ್ಷಿಣಕ್ಕೆ ಬಂದು ಕನ್ನಡವಾಯಿತು, ಇನ್ನೊಂದು ಹಿಮಾಲಯ ಹತ್ತಿತು. ಹತ್ತಿದ್ದು ಸಾವಿರದ ಮುನ್ನೂರು ವರ್ಷದ ಮೇಲೆ ಇಳಿದು, ಬೇರೆಲ್ಲೂ ಅಲ್ಲ, ಪಿರಿಯಾಪಟ್ಟಣ ತಾಲ್ಲೂಕಿಗೆ ಬಂದಿದೆ! ಎರಡೂ ಸಾಲುಗಳನ್ನು ಒಂದೇ ಬೋರ್ಡಿನಲ್ಲಿ ನೋಡುತ್ತ ಪಾಠ ಮುಂದುವರಿಸುವುದೇ ನನಗೆ ಮರೆತುಹೋಯಿತು.

ಇಳಿದು ಬಂದ ಬಗೆ ಮಾತ್ರ ಕ್ರೂರ. 1959ರಲ್ಲಿ ದಲೈ ಲಾಮಾ ದೇಶ ಬಿಟ್ಟರು. ಅವರ ಹಿಂದೆ ಬಂದ ಸಾವಿರಾರು ಜನ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಅಂಥ ಕೂಲಿ ಕ್ಯಾಂಪುಗಳಿಂದ 1960ರ ಮೇ 17ರಂದು 51 ಮಕ್ಕಳು ಧರ್ಮಶಾಲೆ ತಲುಪಿದಾಗ, ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಆ ಮಕ್ಕಳನ್ನು ನೋಡಿಕೊಂಡರು. ಅಲ್ಲಿ ಮೊದಲಾದ ಮಕ್ಕಳ ಗ್ರಾಮದ ಶಾಖೆ ಬೈಲಕುಪ್ಪೆಯಲ್ಲೂ ಇದೆ. ಇಲ್ಲಿಗೆ ಮೊದಲ ತಂಡ ಬಂದದ್ದೂ 1960ರಲ್ಲೇ. ಅಂದಿನ ಮೈಸೂರು ಸರ್ಕಾರ ಕೊಟ್ಟದ್ದು ಸುಮಾರು 3,000 ಎಕರೆ, ಬಹುಪಾಲು ಕಾಡು. ಶಾಲೆಯ ಪಕ್ಕದ ಮನೆಯ ಅಜ್ಜಿ ಸಂತೆಗನ್ನಡದಲ್ಲಿ ಹೇಳುತ್ತಾರೆ: “ರಾತ್ರಿ ಆನೆ, ಹಗಲು ಬಿಸಿಲು. ಡಬ್ಬ ಬಡಿದು ಬಡಿದು ಕೈನೋವು.” ಅವರ ಮಗ ಸೊಸೆ ಚಳಿಗಾಲ ಬಂತೆಂದರೆ ಸ್ವೆಟರ್ ಮಾರಲು ಊರೂರು ಅಲೆಯುತ್ತಾರೆ, ಮೊಮ್ಮಕ್ಕಳು ಹಾಸ್ಟೆಲ್ಲಿನಲ್ಲಿ.

ಬೆಂಚುಗಳು ಅಲ್ಲಲ್ಲಿ ಖಾಲಿ. 2008ರ ನಂತರ ಗಡಿ ಬಿಗಿಯಾಗಿ ಹೊಸಬರು ಬರುವುದು ತೀರಾ ಕಡಿಮೆ. ಇಲ್ಲೇ ಹುಟ್ಟಿದವರು ಕೆನಡಾ, ಅಮೆರಿಕ ಎಂದು ಹೊರಡುತ್ತಿದ್ದಾರೆ. ಸೀಮೆಸುಣ್ಣ ಇಸಕೊಂಡ ಹುಡುಗಿಯ ಅಕ್ಕ ಟೊರಾಂಟೊದಲ್ಲಿದ್ದಾಳೆ. ಇವಳಿಗೆ ಮೈಸೂರಿನಲ್ಲಿ ನರ್ಸಿಂಗ್ ಓದುವ ಆಸೆ, ಅದಕ್ಕೇ ಕನ್ನಡದ ಅವಸರ. ಬಾಳೆಹಣ್ಣು ಅವಳ ಬಾಯಲ್ಲಿ ಬಾಲೆಹಣ್ಣಾಗುತ್ತದೆ. ನಮ್ಮ ಬೀದಿಯ ಅಚ್ಚ ಕನ್ನಡದ ಮಕ್ಕಳೂ ಹಾಗೇ ಅನ್ನುತ್ತಾರೆ ಎಂದೆ. ಅವಳು ಒಪ್ಪಲಿಲ್ಲ, ಳ ಸರಿಯಾಗಿ ಬರುವವರೆಗೂ ಯಾರೂ ಊಟಕ್ಕೆ ಏಳಬಾರದೆಂದು ತರಗತಿಗೆಲ್ಲ ಅಪ್ಪಣೆ ಮಾಡಿ, ನನ್ನನ್ನೂ ಕೂರಿಸಿಕೊಂಡಳು.